ಪರದೇಶದ ಹೆದ್ದಾರಿಯಲ್ಲಿ ಯಾರೋ ಕೈಬೀಸಿದರೆ? ಕಾರು ಪ್ರಯಾಣಿಕರ ಸಣ್ಣ ಮೋಸಗಳು ಮತ್ತು ಒಂದು ದೊಡ್ಡ ಮಿಥ್ಯೆ

ಬಾರ್ಸಿಲೋನಾದಿಂದ ಫ್ರಾನ್ಸ್ ಗಡಿಯ ಕಡೆಗೆ ಹೋಗುವ ಎಪಿ-7 ಹೆದ್ದಾರಿಯಲ್ಲಿ ನೀವು ಬಾಡಿಗೆ ಕಾರು ಓಡಿಸುತ್ತಿದ್ದೀರಿ ಎಂದುಕೊಳ್ಳಿ. ಪಕ್ಕಕ್ಕೆ ಬಂದ ಕಾರಿನವರು ಹಾರ್ನ್ ಹೊಡೆದು ನಿಮ್ಮ ಹಿಂದಿನ ಟೈರಿನತ್ತ ಕೈ ತೋರಿಸುತ್ತಾರೆ. ನೀವು ಗಾಬರಿಯಿಂದ ಕಾರನ್ನು ರಸ್ತೆ ಬದಿಗೆ ಹಾಕುತ್ತೀರಿ. ಅವರೂ ನಿಲ್ಲಿಸುತ್ತಾರೆ. ಒಬ್ಬ ಇಳಿದು ಬಂದು ಟೈರಿನ ಬಳಿ ಕುಕ್ಕರಗಾಲಿನಲ್ಲಿ ಕುಳಿತು ಏನನ್ನೋ ತೋರಿಸುತ್ತಾನೆ. ಮನೆಯವರೆಲ್ಲ ಇಳಿದು ಬಗ್ಗಿ ನೋಡುತ್ತೀರಿ. ಎರಡು ನಿಮಿಷದ ಬಳಿಕ ಆತ ನಗುತ್ತಾ ಕೈ ಕುಲುಕಿ ಹೊರಟುಹೋಗುತ್ತಾನೆ. ಮುಂದಿನ ಪೆಟ್ರೋಲ್ ಬಂಕಿನಲ್ಲಿ ಹಣ ಕೊಡಲು ಹೋದಾಗಲೇ ಗೊತ್ತಾಗುವುದು, ಮುಂದಿನ ಸೀಟಿನ ಮೇಲಿದ್ದ ಬ್ಯಾಗ್ ಇಲ್ಲ ಎಂದು. ಎಲ್ಲರ ಪಾಸ್‌ಪೋರ್ಟ್‌ಗಳೂ ಅದರಲ್ಲಿದ್ದವು.

ಇದು ಕಟ್ಟುಕಥೆಯಲ್ಲ, ಬಹಳ ಹಳೆಯ ತಂತ್ರ. ಬ್ರಿಟನ್ನಿನ ವಿದೇಶಾಂಗ ಇಲಾಖೆ ತನ್ನ ನಾಗರಿಕರಿಗೆ ಕೊಡುವ ಸ್ಪೇನ್ ಪ್ರಯಾಣ ಸಲಹೆಯಲ್ಲಿ ಇಂಥವರನ್ನು 'ಹೈವೇ ಪೈರೇಟ್ಸ್', ಅಂದರೆ ಹೆದ್ದಾರಿ ಕಡಲ್ಗಳ್ಳರು ಎಂದೇ ಕರೆದಿದೆ. ಹೊರದೇಶದ ನಂಬರ್ ಪ್ಲೇಟ್ ಇರುವ ಕಾರುಗಳು ಮತ್ತು ಬಾಡಿಗೆ ಕಾರುಗಳೇ ಅವರ ಗುರಿ.

ಜರ್ಮನಿ, ನೆದರ್ಲೆಂಡ್ಸ್‌ಗಳಲ್ಲಿ ಕೆಲಸಕ್ಕಿರುವ ಕನ್ನಡಿಗರು ರಜೆಯಲ್ಲಿ ಕಾರು ತೆಗೆದುಕೊಂಡು ಇಟಲಿಗೋ ಸ್ಪೇನಿಗೋ ಹೊರಡುವುದು ಈಗ ಸಾಮಾನ್ಯ. ಊರಿನಿಂದ ಬಂದ ಅಪ್ಪ ಅಮ್ಮನನ್ನು ಕೂರಿಸಿಕೊಂಡು ಹೋಗುವವರೂ ಇದ್ದಾರೆ. ಹೊರಡುವ ಮುಂಚೆ ಅವರ ಮೊಬೈಲಿಗೆ ಎಚ್ಚರಿಕೆಯ ಫಾರ್ವರ್ಡ್‌ಗಳೂ ಬರುತ್ತವೆ. ಅವುಗಳಲ್ಲಿ ಯಾವುದು ನಿಜ, ಯಾವುದು ಸುಳ್ಳು? ನಿಜವಾದ ಮೋಸಗಳು ಕೆಲಸ ಮಾಡುವುದು ಹೇಗೆ? ಬನ್ನಿ, ಒಂದೊಂದಾಗಿ ನೋಡೋಣ.

ಮೊದಲು ಮಿಥ್ಯೆ: ನಿದ್ರೆ ಬರಿಸುವ ಗ್ಯಾಸ್

ಯುರೋಪಿನ ರಸ್ತೆ ಪ್ರಯಾಣಿಕರಲ್ಲಿ ಬಹುಕಾಲದಿಂದ ಓಡಾಡುತ್ತಿರುವ ಸುದ್ದಿಯೊಂದಿದೆ. ಹೆದ್ದಾರಿ ಪಕ್ಕದ ವಿಶ್ರಾಂತಿ ತಾಣದಲ್ಲಿ ಕ್ಯಾಂಪರ್ ವ್ಯಾನ್ ನಿಲ್ಲಿಸಿ ಮಲಗಿದರೆ ಕಳ್ಳರು ಕಿಟಕಿ ಸಂದಿಯಿಂದ ಅರಿವಳಿಕೆ ಅನಿಲ ಬಿಟ್ಟು, ಎಲ್ಲರ ಎಚ್ಚರ ತಪ್ಪಿಸಿ ದೋಚುತ್ತಾರೆ ಎಂಬುದು ಅದು. 2015ರಲ್ಲಿ ಫಾರ್ಮುಲಾ ಒನ್ ಚಾಲಕ ಜೆನ್ಸನ್ ಬಟನ್ ತಂಗಿದ್ದ ಫ್ರಾನ್ಸಿನ ಸೇಂಟ್ ಟ್ರೋಪೆಯ ಬಂಗಲೆಯಲ್ಲಿ ಕಳ್ಳತನವಾದಾಗ, ಏರ್ ಕಂಡೀಷನರ್ ಮೂಲಕ ಗ್ಯಾಸ್ ಬಿಟ್ಟಿರಬಹುದು ಎಂಬ ಅನುಮಾನ ಜಗತ್ತಿನಾದ್ಯಂತ ಸುದ್ದಿಯಾಯಿತು.

ಅರಿವಳಿಕೆ ತಜ್ಞರು ಇದನ್ನು ಒಪ್ಪುವುದಿಲ್ಲ. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಅನಸ್ತೆಟಿಸ್ಟ್ಸ್ ಸಂಸ್ಥೆ ಇದೊಂದು ಮಿಥ್ಯೆ ಎಂದು ಸ್ಪಷ್ಟವಾಗಿ ಹೇಳಿದೆ. ಯಾಕೆ ಎಂದು ತಿಳಿಯಲು ಒಂದು ಸಣ್ಣ ಲೆಕ್ಕ ಹಾಕೋಣ.

ಸಾಧಾರಣ ಕ್ಯಾಂಪರ್ ವ್ಯಾನಿನ ಒಳಗೆ ಸುಮಾರು 12 ಘನ ಮೀಟರ್, ಅಂದರೆ 12,000 ಲೀಟರ್ ಗಾಳಿ ಇದೆ ಎಂದಿಟ್ಟುಕೊಳ್ಳಿ. ಇಂದು ಆಸ್ಪತ್ರೆಗಳಲ್ಲಿ ಬಳಸುವ ಸೆವೋಫ್ಲುರೇನ್ ಎಂಬ ಔಷಧಿ ಶಸ್ತ್ರಚಿಕಿತ್ಸೆಗೆ ಸಾಲುವಷ್ಟು ಪರಿಣಾಮ ಬೀರಲು ಉಸಿರಾಡುವ ಗಾಳಿಯಲ್ಲಿ ಸುಮಾರು 2% ಇರಬೇಕು. 12,000 ಲೀಟರಿನ 2% ಎಂದರೆ 240 ಲೀಟರ್ ಆವಿ. ಒಂದು ಮಿಲಿಲೀಟರ್ ದ್ರವದಿಂದ ಹೊರಡುವುದು ಸುಮಾರು 180 ಮಿಲಿಲೀಟರ್ ಆವಿ. ಹಾಗಾಗಿ 1.3 ಲೀಟರ್ ದ್ರವ, ಅಂದರೆ 250 ಮಿಲಿಲೀಟರಿನ ಐದು ಬಾಟಲಿಗಳು ಬೇಕು. ಬರೀ ಎಚ್ಚರ ತಪ್ಪಿಸಲು ಅದರ ಮೂರನೇ ಒಂದು ಭಾಗ ಸಾಕು ಎಂದರೂ ಎರಡು ಬಾಟಲಿಯಾದರೂ ಬೇಕಾಗುತ್ತದೆ. ಅಷ್ಟನ್ನೂ ಆವಿಯಾಗಿಸಿ, ಒಳಗೆ ಎಲ್ಲ ಕಡೆ ಸಮನಾಗಿ ಹರಡಿಸಬೇಕು. ಅದು ಸಂದಿಗಳಿಂದ ಸೋರಿಹೋಗಬಾರದು. ಮಲಗಿದವರಿಗೆ ವಾಸನೆಯಿಂದಲೋ ಕೆಮ್ಮಿನಿಂದಲೋ ಎಚ್ಚರವೂ ಆಗಬಾರದು. ಹಳೆಯ ಈಥರ್ ಆದರೆ ಅದರ ಘಾಟಿಗೇ ಜನ ಎದ್ದು ಕೂರುತ್ತಾರೆ, ಜೊತೆಗೆ ಅದಕ್ಕೆ ಬೆಂಕಿಯೂ ಸುಲಭವಾಗಿ ಹತ್ತುತ್ತದೆ.

ಇದಕ್ಕಿಂತ ದೊಡ್ಡ ಸಮಸ್ಯೆ ಪ್ರಮಾಣದ್ದು. ಮಗುವಿಗೆ, ದೊಡ್ಡವರಿಗೆ, ವಯಸ್ಸಾದವರಿಗೆ ಬೇಕಾದ ಪ್ರಮಾಣ ಬೇರೆ ಬೇರೆ. ಎಚ್ಚರ ತಪ್ಪಿದವರ ನಾಲಿಗೆ ಹಿಂದಕ್ಕೆ ಬಿದ್ದು ಉಸಿರು ಕಟ್ಟಬಹುದು. ಆಪರೇಷನ್ ಥಿಯೇಟರಿನಲ್ಲಿ ಅರಿವಳಿಕೆ ವೈದ್ಯರು ರೋಗಿಯ ಪಕ್ಕ ಬಿಟ್ಟು ಕದಲದಿರುವುದು ಇದೇ ಕಾರಣಕ್ಕೆ. 2002ರಲ್ಲಿ ಮಾಸ್ಕೋದ ರಂಗಮಂದಿರವೊಂದರಲ್ಲಿ ಒತ್ತೆಯಾಳುಗಳನ್ನು ಬಿಡಿಸಲು ರಷ್ಯಾದ ಪಡೆಗಳು ಇಂಥ ರಾಸಾಯನಿಕವನ್ನು ಗಾಳಿಯ ಕೊಳವೆಗಳ ಮೂಲಕ ಬಿಟ್ಟಾಗ ನೂರಕ್ಕೂ ಹೆಚ್ಚು ಒತ್ತೆಯಾಳುಗಳು ಸತ್ತರು. ಒಂದು ದೇಶದ ವಿಶೇಷ ಪಡೆಗೇ ಆಗದ ಕೆಲಸವನ್ನು ರಸ್ತೆ ಬದಿಯ ಕಳ್ಳ ಕತ್ತಲೆಯಲ್ಲಿ, ಯಾರ ಜೀವಕ್ಕೂ ಅಪಾಯವಾಗದಂತೆ ಮಾಡುತ್ತಾನೆ ಎಂಬುದು ನಂಬಲಾಗದ ಮಾತು.

ಹಾಗಾದರೆ ಜನ ಸುಳ್ಳು ಹೇಳುತ್ತಿದ್ದಾರೆಯೇ? ಇಲ್ಲ. ದಿನವಿಡೀ ಕಾರು ಓಡಿಸಿ ದಣಿದವರು, ಊಟದ ಜೊತೆ ಒಂದೆರಡು ಲೋಟ ವೈನ್ ಕುಡಿದವರು ಗಾಢವಾಗಿ ನಿದ್ರಿಸುತ್ತಾರೆ. ಬೆಳಗ್ಗೆ ಎದ್ದು, ಬಾಗಿಲು ತೆರೆದಿರುವುದನ್ನೂ ಪರ್ಸ್ ಹೋಗಿರುವುದನ್ನೂ ಕಂಡಾಗ, ತಲೆಯೂ ಭಾರವಾಗಿದ್ದರೆ, "ನನಗೆ ಎಚ್ಚರವೇ ಆಗಲಿಲ್ಲವಲ್ಲ" ಎಂಬ ಪ್ರಶ್ನೆಗೆ ಗ್ಯಾಸ್ ಒಂದು ಸಮಾಧಾನದ ಉತ್ತರ. ತಪ್ಪು ನಮ್ಮದಲ್ಲ ಎಂದು ಅದು ಹೇಳುತ್ತದೆ.

ಈ ಸಮಾಧಾನದಲ್ಲೊಂದು ನಿಜವಾದ ಅಪಾಯವಿದೆ. ಕ್ಯಾಂಪರ್ ವ್ಯಾನಿನಲ್ಲಿ ತಲೆನೋವು, ವಾಕರಿಕೆಯೊಂದಿಗೆ ಎಚ್ಚರವಾದರೆ ಮೊದಲು ಅನುಮಾನಿಸಬೇಕಾದದ್ದು ಕಾರ್ಬನ್ ಮಾನಾಕ್ಸೈಡನ್ನು. ಹೀಟರ್, ಗ್ಯಾಸ್ ಒಲೆ ಅಥವಾ ಒಳಗಿಟ್ಟ ಇದ್ದಿಲ ಒಲೆಯಿಂದ ಹೊರಡುವ ಈ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ನಿದ್ರೆಯಲ್ಲೇ ಇದು ಜೀವ ತೆಗೆಯಬಲ್ಲದು. "ಯಾರೋ ಗ್ಯಾಸ್ ಬಿಟ್ಟರು" ಎಂದು ನಂಬಿ ಮರುದಿನ ರಾತ್ರಿ ಕಿಟಕಿಗಳನ್ನು ಇನ್ನಷ್ಟು ಬಿಗಿಯಾಗಿ ಮುಚ್ಚಿ, ಅದೇ ಹೀಟರ್ ಹಾಕಿ ಮಲಗಿದರೆ ಏನಾಗಬಹುದು ಯೋಚಿಸಿ. ವ್ಯಾನಿನಲ್ಲಿ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇದೆಯೇ ಎಂದು ನೋಡುವುದು, ಗಾಳಿಯ ಕಿಂಡಿಗಳನ್ನು ತೆರೆದಿಡುವುದು ಕಳ್ಳರ ಭಯಕ್ಕಿಂತ ಮೊದಲು ಆಗಬೇಕಾದ ಕೆಲಸ.

ನಿಜವಾದ ಆಯುಧ: ನಿಮ್ಮ ಗಮನ

ನಿಜವಾದ ಕಳ್ಳರಿಗೆ ರಾಸಾಯನಿಕ ಬೇಕಿಲ್ಲ. ನಮ್ಮ ಕನ್ನಡ ಪತ್ರಿಕೆಗಳ ಅಪರಾಧ ಸುದ್ದಿಗಳಲ್ಲಿ ಪದೇ ಪದೇ ಬರುವ ಪದಗುಚ್ಛವೊಂದಿದೆ: 'ಗಮನ ಬೇರೆಡೆ ಸೆಳೆದು'. ಬ್ಯಾಂಕಿನಿಂದ ಹೊರಬಂದವರ ಮುಂದೆ ಹತ್ತರ ನೋಟುಗಳನ್ನು ಚೆಲ್ಲಿ "ನಿಮ್ಮ ದುಡ್ಡು ಬಿದ್ದಿದೆ ನೋಡಿ" ಎನ್ನುವುದೂ, ಎಪಿ-7ರಲ್ಲಿ ಟೈರ್ ತೋರಿಸುವುದೂ ಒಂದೇ ತಂತ್ರದ ಎರಡು ರೂಪಗಳು.

ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಸೈಮನ್ಸ್ ಮತ್ತು ಕ್ರಿಸ್ಟೋಫರ್ ಚಾಬ್ರಿಸ್ 1999ರಲ್ಲಿ ಪ್ರಕಟಿಸಿದ ಪ್ರಯೋಗ ಬಹಳ ಪ್ರಸಿದ್ಧ. ಒಂದು ವಿಡಿಯೋದಲ್ಲಿ ಕೆಲವರು ಚೆಂಡನ್ನು ಒಬ್ಬರಿಂದೊಬ್ಬರಿಗೆ ಎಸೆಯುತ್ತಿರುತ್ತಾರೆ. ಎಷ್ಟು ಸಲ ಎಸೆದರು ಎಂದು ನೋಡುಗರು ಎಣಿಸಬೇಕು. ನಡುವೆ ಗೊರಿಲ್ಲಾ ವೇಷದ ವ್ಯಕ್ತಿಯೊಬ್ಬರು ಬಂದು, ಎದೆ ಬಡಿದುಕೊಂಡು ಹೋಗುತ್ತಾರೆ. ಎಣಿಸುತ್ತಿದ್ದವರಲ್ಲಿ ಸುಮಾರು ಅರ್ಧದಷ್ಟು ಜನ ಗೊರಿಲ್ಲಾವನ್ನು ನೋಡಲೇ ಇಲ್ಲ. ಅವರ ಕಣ್ಣು ಚೆನ್ನಾಗಿಯೇ ಇತ್ತು, ಗಮನ ಮಾತ್ರ ಬೇರೆ ಕಡೆ ಇತ್ತು. ಪಂಕ್ಚರ್ ಆಗಿದೆಯೋ ಎಂದು ಟೈರನ್ನೇ ನೋಡುತ್ತಿರುವ ನಿಮಗೆ ಆಚೆ ಬದಿಯ ಬಾಗಿಲು ತೆರೆದದ್ದು ಕಾಣದಿರುವುದೂ ಹೀಗೆಯೇ. ಇದು ದಡ್ಡತನವಲ್ಲ, ಮೆದುಳು ಕೆಲಸ ಮಾಡುವ ರೀತಿ.

ಕೇಂಬ್ರಿಜ್ ವಿಶ್ವವಿದ್ಯಾಲಯದ ಫ್ರಾಂಕ್ ಸ್ಟಜಾನೊ ಮತ್ತು ಬ್ರಿಟನ್ನಿನ ಟಿವಿಯಲ್ಲಿ ಮೋಸಗಳನ್ನು ಮಾಡಿ ತೋರಿಸುತ್ತಿದ್ದ ಪಾಲ್ ವಿಲ್ಸನ್ ಸೇರಿ 2011ರಲ್ಲಿ ಬರೆದ ಲೇಖನವೊಂದು, ಮೋಸಗಾರರು ಬಳಸಿಕೊಳ್ಳುವ ಮನುಷ್ಯ ಸ್ವಭಾವಗಳನ್ನು ಪಟ್ಟಿ ಮಾಡಿತು. ಚದುರುವ ಗಮನ, ಅಧಿಕಾರಕ್ಕೆ ತಲೆಬಾಗುವುದು, ದಯೆ, ಆಸೆ, ಅವಸರ ಇವೆಲ್ಲ ಅದರಲ್ಲಿವೆ. ಪಟ್ಟಿಯಲ್ಲಿ ಆಸೆ ಒಂದೇ ಇಲ್ಲ ಎಂಬುದನ್ನು ಗಮನಿಸಿ. "ಆಸೆಬುರುಕರಷ್ಟೇ ಮೋಸ ಹೋಗುತ್ತಾರೆ" ಎಂಬುದು ಇನ್ನೊಂದು ಮಿಥ್ಯೆ. ಒಳ್ಳೆಯವರು, ಕಾನೂನಿಗೆ ಹೆದರುವವರು, ಅವಸರದಲ್ಲಿರುವವರು ಕೂಡ ಅಷ್ಟೇ ಸುಲಭವಾಗಿ ಸಿಕ್ಕಿಬೀಳುತ್ತಾರೆ.

ನಾಲ್ಕು ಹಳೆಯ ನಾಟಕಗಳು

*ಟೈರ್ ನಾಟಕ.* ಮೇಲೆ ಹೇಳಿದ್ದು ಇದನ್ನೇ. ಕೆಲವೊಮ್ಮೆ ಪೆಟ್ರೋಲ್ ಬಂಕಿನಲ್ಲೋ ಸಿಗ್ನಲಿನಲ್ಲೋ ನಿಜವಾಗಿಯೇ ಟೈರಿಗೆ ಚುಚ್ಚಿ, ನಂತರ ಸಹಾಯಕ್ಕೆಂದು ಬರುತ್ತಾರೆ. ಯಾರಾದರೂ ಸನ್ನೆ ಮಾಡಿದರೆ ವೇಗ ತಗ್ಗಿಸಿ, ಸ್ಟೇರಿಂಗ್ ಒಂದು ಕಡೆಗೆ ಎಳೆಯುತ್ತಿದೆಯೇ, ಟೈರ್ ಒತ್ತಡದ ದೀಪ ಹೊತ್ತಿದೆಯೇ ನೋಡಿ. ಕಾರು ಹತೋಟಿಯಲ್ಲಿದ್ದರೆ ಜನ ಮತ್ತು ಬೆಳಕಿರುವ ಸರ್ವೀಸ್ ಸ್ಟೇಷನ್ನಿನವರೆಗೆ ನಿಧಾನವಾಗಿ ಹೋಗಿ. ಟೈರ್ ನಿಜವಾಗಿ ಒಡೆದಿದ್ದರೆ ನಿಲ್ಲಿಸಲೇಬೇಕು. ಆಗ ಎಂಜಿನ್ ಆರಿಸಿ, ಕೀ ತೆಗೆದುಕೊಂಡು, ಇಳಿದ ಕೂಡಲೇ ಎಲ್ಲ ಬಾಗಿಲುಗಳನ್ನೂ ಲಾಕ್ ಮಾಡಿ.

*ಕನ್ನಡಿ ನಾಟಕ.* ಇಟಲಿಯಲ್ಲಿ ಇದಕ್ಕೆ 'ತ್ರುಫಾ ದೆಲ್ಲೊ ಸ್ಪೆಕ್ಕಿಯೆತ್ತೊ', ಅಂದರೆ ಕನ್ನಡಿ ಮೋಸ ಎಂಬ ಹೆಸರೇ ಇದೆ. ನಿಮ್ಮ ಕಾರಿಗೆ ಏನೋ ಬಡಿದ ಸದ್ದಾಗುತ್ತದೆ, ಬಹುತೇಕ ಅದು ಅವರೇ ಎಸೆದ ಸಣ್ಣ ಕಲ್ಲು. ಹಿಂದಿನಿಂದ ಬಂದವರು ಮೊದಲೇ ಒಡೆದಿದ್ದ ತಮ್ಮ ಕನ್ನಡಿ ತೋರಿಸಿ, "ಇನ್ಶೂರೆನ್ಸ್ ರಗಳೆ ಯಾಕೆ, ಇಲ್ಲೇ ಸ್ವಲ್ಪ ಯೂರೋ ಕೊಟ್ಟುಬಿಡಿ" ಎನ್ನುತ್ತಾರೆ. ಜಗಳವಾಡಬೇಡಿ. ಪೊಲೀಸರನ್ನು ಕರೆಯೋಣ ಎನ್ನಿ, ಅಥವಾ ಅಪಘಾತ ಹೇಳಿಕೆಯ ನಮೂನೆಯನ್ನು ಕೈಗೆತ್ತಿಕೊಳ್ಳಿ. ಯುರೋಪಿನ ದೇಶಗಳಲ್ಲಿ ಬಹುತೇಕ ಒಂದೇ ರೀತಿ ಇರುವ ಈ ನಮೂನೆಯನ್ನು ಇಬ್ಬರು ಚಾಲಕರೂ ತುಂಬಿ ಸಹಿ ಹಾಕಬೇಕು, ಬಾಡಿಗೆ ಕಾರಿನ ಕಾಗದಗಳ ಜೊತೆ ಸಾಮಾನ್ಯವಾಗಿ ಅದು ಇರುತ್ತದೆ. ನಿಜವಾಗಿ ಹಾನಿಯಾದವರು ತುಂಬುತ್ತಾರೆ. ನಾಟಕದವರು ತಮ್ಮ ಹೆಸರು, ನಂಬರ್ ಬರೆದುಕೊಡಲು ನಿಲ್ಲುವುದಿಲ್ಲ.

*ಚಿನ್ನದ ನಾಟಕ.* ಜರ್ಮನ್ ಭಾಷೆಯಲ್ಲಿ ಇದನ್ನು 'ಆಟೋಬಾನ್‌ಗೋಲ್ಡ್', ಹೆದ್ದಾರಿ ಚಿನ್ನ ಎನ್ನುತ್ತಾರೆ. ಒಳ್ಳೆಯ ಬಟ್ಟೆ ಹಾಕಿದ ವ್ಯಕ್ತಿ ದೊಡ್ಡ ಕಾರಿನ ಪಕ್ಕ ನಿಂತು ಕೈಬೀಸುತ್ತಾನೆ. ಪೆಟ್ರೋಲ್ ಮುಗಿದಿದೆ, ಕಾರ್ಡ್ ಕೆಲಸ ಮಾಡುತ್ತಿಲ್ಲ, ಕಾರಿನಲ್ಲಿ ಮಕ್ಕಳಿದ್ದಾರೆ ಎಂದು ಹೇಳಿ, ಸ್ವಲ್ಪ ಹಣಕ್ಕೆ ಬದಲಾಗಿ ಬೆರಳಿನ ಉಂಗುರ ತೆಗೆದುಕೊಡುತ್ತಾನೆ. ಒಳಗೆ 585 ಅಥವಾ 750 ಎಂಬ ಮುದ್ರೆ. ನಮ್ಮಲ್ಲಿ 916 ಎಂದರೆ 22 ಕ್ಯಾರೆಟ್ ಇರುವಂತೆ 750 ಎಂದರೆ 18 ಕ್ಯಾರೆಟ್, 585 ಎಂದರೆ 14. ಆದರೆ ಹಿತ್ತಾಳೆಯ ಮೇಲೂ ಅಂಕಿ ಒತ್ತಬಹುದು. ಅಯಸ್ಕಾಂತಕ್ಕೆ ಅಂಟುವುದಿಲ್ಲ ಎಂಬುದೂ ಪುರಾವೆಯಲ್ಲ, ಹಿತ್ತಾಳೆಯೂ ಅಂಟುವುದಿಲ್ಲ. ವ್ಯತ್ಯಾಸ ತೋರಿಸುವುದು ಸಾಂದ್ರತೆ: ಒಂದು ಘನ ಸೆಂಟಿಮೀಟರ್ ಶುದ್ಧ ಚಿನ್ನ 19.3 ಗ್ರಾಂ ತೂಗಿದರೆ ಹಿತ್ತಾಳೆ ಸುಮಾರು 8.5 ಗ್ರಾಂ ಮಾತ್ರ. ಅದನ್ನು ಅಳೆಯಲು ರಸ್ತೆ ಬದಿಯಲ್ಲಿ ತಕ್ಕಡಿ ಇರುವುದಿಲ್ಲ ಎಂಬುದು ಅವರಿಗೂ ಗೊತ್ತು.

*ಪೊಲೀಸ್ ನಾಟಕ.* ಮಫ್ತಿಯಲ್ಲಿರುವವರು ಬ್ಯಾಡ್ಜ್ ತೋರಿಸಿ, ಖೋಟಾ ನೋಟಿನ ತನಿಖೆ ಎಂದು ಪರ್ಸ್ ಕೇಳುತ್ತಾರೆ. ನೋಟು ಎಣಿಸುವಾಗ ಕೆಲವು ಮಾಯ. ನಿಜವಾದ ಪೊಲೀಸರು ಗುರುತಿನ ಚೀಟಿ, ಲೈಸೆನ್ಸ್ ಕೇಳಬಹುದು, ಪರ್ಸ್ ಕೈಗೆ ಕೊಡಿ ಎನ್ನುವುದಿಲ್ಲ. ಅನುಮಾನ ಬಂದರೆ ಕಿಟಕಿಯನ್ನು ಸ್ವಲ್ಪವೇ ಇಳಿಸಿ, "112ಕ್ಕೆ ಕರೆ ಮಾಡಿ ಖಚಿತಪಡಿಸಿಕೊಳ್ಳುತ್ತೇವೆ" ಎಂದು ವಿನಯದಿಂದಲೇ ಹೇಳಿ.

ಇವುಗಳ ಜೊತೆ ತಂತ್ರಜ್ಞಾನದ ಮೋಸವೂ ಒಂದಿದೆ, ಮತ್ತು ಅದು ಗ್ಯಾಸಿನಂತೆ ಕಲ್ಪನೆಯಲ್ಲ. ಯುರೋಪಿನ ಕಾರುಗಳ ರಿಮೋಟ್ ಕೀಗಳು ಸಾಮಾನ್ಯವಾಗಿ 433 ಮೆಗಾಹರ್ಟ್ಸ್ ಆಸುಪಾಸಿನ ರೇಡಿಯೋ ಸಂಕೇತ ಬಳಸುತ್ತವೆ. ಪಾರ್ಕಿಂಗ್ ಜಾಗದಲ್ಲಿ ಕಳ್ಳ ಅದೇ ತರಂಗಾಂತರದಲ್ಲಿ ಗದ್ದಲ ಹೊರಡಿಸುವ ಜಾಮರ್ ಇಟ್ಟುಕೊಂಡಿದ್ದರೆ, ನೀವು ಗುಂಡಿ ಒತ್ತಿದರೂ ಕಾರು ಲಾಕ್ ಆಗುವುದಿಲ್ಲ. ಬೆನ್ನು ತಿರುಗಿಸಿ ಗುಂಡಿ ಒತ್ತುತ್ತಾ ನಡೆಯುವವರಿಗೆ ಇದು ತಿಳಿಯುವುದೇ ಇಲ್ಲ. ಪರಿಹಾರಕ್ಕೆ ಖರ್ಚಿಲ್ಲ: ಹೋಗುವ ಮುನ್ನ ಬಾಗಿಲಿನ ಹಿಡಿ ಎಳೆದು ನೋಡಿ.

ಹಾಗಾದರೆ ಯಾರಿಗೂ ಸಹಾಯ ಮಾಡಲೇಬಾರದೇ?

ಈ ವಿಷಯದಲ್ಲಿ ನಮ್ಮನ್ನು ಹೆಚ್ಚು ಕಾಡಿದ ಪ್ರಶ್ನೆ ಇದು. ಫಾರ್ವರ್ಡ್‌ಗಳು ಸಾಮಾನ್ಯವಾಗಿ "ಯಾರು ಕೈಬೀಸಿದರೂ ನಿಲ್ಲಿಸಬೇಡಿ" ಎಂದು ಮುಗಿಯುತ್ತವೆ. ಸಂವಹನ ಓದಿದವರಾಗಿ ನಮಗೆ ಕಾಣುವುದೇನೆಂದರೆ, ಇಂಥ ಎಚ್ಚರಿಕೆಗಳು ಕಳ್ಳರಿಂದ ನಮ್ಮನ್ನು ಎಷ್ಟು ಕಾಪಾಡುತ್ತವೋ, ನಿಜವಾಗಿ ಕಷ್ಟದಲ್ಲಿರುವವರಿಂದಲೂ ಅಷ್ಟೇ ದೂರ ಮಾಡುತ್ತವೆ. ಎಷ್ಟಾದರೂ ಕೈಬೀಸುವವರೆಲ್ಲ ಮೋಸಗಾರರಲ್ಲ. ನಾಳೆ ಕತ್ತಲೆಯಲ್ಲಿ ಕಾರು ಕೆಟ್ಟು ನಿಂತು ಕೈಬೀಸುವವರು ನಾವೇ ಆಗಿರಬಹುದು.

ಕಾನೂನಿನ ಮಾತೂ ಇದೆ. ಅಪಘಾತದ ವೇಳೆ ಸಾಧ್ಯವಿದ್ದರೂ ನೆರವಾಗದೆ ಹೋಗುವುದು ಜರ್ಮನಿಯಲ್ಲಿ ಅಪರಾಧ. ಅಲ್ಲಿನ ದಂಡ ಸಂಹಿತೆಯ 323ಸಿ ಕಲಮಿನಡಿ ದಂಡ ಅಥವಾ ಒಂದು ವರ್ಷದವರೆಗೆ ಜೈಲು ಶಿಕ್ಷೆಯಾಗಬಹುದು. ಫ್ರಾನ್ಸಿನಲ್ಲೂ ಇಂಥ ಕಾನೂನಿದೆ.

ದಾರಿ ಎಂದರೆ ಸಹಾಯವನ್ನೂ ನಿಲ್ಲಿಸುವುದನ್ನೂ ಬೇರೆ ಮಾಡುವುದು. ಐರೋಪ್ಯ ಒಕ್ಕೂಟದ ಎಲ್ಲ ದೇಶಗಳಲ್ಲೂ ತುರ್ತು ಸಂಖ್ಯೆ 112. ಕರ್ನಾಟಕದಲ್ಲೂ ಅದೇ ಸಂಖ್ಯೆ ಇರುವುದರಿಂದ ನೆನಪಿಡುವುದು ಸುಲಭ. ಕಾರು ಕೆಟ್ಟು ನಿಂತವರನ್ನು ಕಂಡರೆ ಜೊತೆಯಲ್ಲಿರುವವರು ಕರೆ ಮಾಡಿ, ರಸ್ತೆಯ ಹೆಸರು, ದಿಕ್ಕು, ಕಿಲೋಮೀಟರ್ ಕಲ್ಲಿನ ಸಂಖ್ಯೆ ಹೇಳಿದರೆ ಸಾಕು. ನಿಜವಾಗಿ ಕಷ್ಟದಲ್ಲಿರುವವರಿಗೆ ನಿಮ್ಮ ಇಪ್ಪತ್ತು ಯೂರೋಗಿಂತ ಆ ಕರೆ ಹೆಚ್ಚು ಉಪಯೋಗ. ಕಣ್ಣೆದುರೇ ಅಪಘಾತವಾಗಿ ಜನ ಗಾಯಗೊಂಡಿದ್ದರೆ ಮಾತ್ರ ಲೆಕ್ಕ ಬೇರೆ. ಅಲ್ಲಿ ಸುರಕ್ಷಿತವಾಗಿ ನಿಲ್ಲಿಸಿ, ಹಜಾರ್ಡ್ ದೀಪ ಹಾಕಿ, ಕರೆ ಮಾಡಿ, ನೆರವಾಗಬೇಕು.

ಮೋಸದಂತೆ ಕಾಣುವ, ಆದರೆ ಮೋಸವಲ್ಲದ ಸಂಗತಿಗಳು

ಪ್ರವಾಸ ಮುಗಿಸಿ ಬಂದ ಎಷ್ಟೋ ತಿಂಗಳ ಮೇಲೆ ಇಟಲಿಯಿಂದ ದಂಡದ ನೋಟಿಸ್ ಬಂದರೆ ಹಲವರು ಅದನ್ನು ಖೋಟಾ ಎಂದು ಎಸೆಯುತ್ತಾರೆ. ಇಟಲಿಯ ಊರುಗಳ ಹಳೆಯ ಭಾಗಗಳಲ್ಲಿ 'ಜೋನಾ ತ್ರಾಫಿಕೊ ಲಿಮಿತಾತೊ', ಅಂದರೆ ವಾಹನ ನಿರ್ಬಂಧಿತ ವಲಯಗಳಿವೆ. ಪ್ರವೇಶದಲ್ಲಿ ಕ್ಯಾಮೆರಾ ಇರುತ್ತದೆ. ಅಲ್ಲಿನ ಫಲಕದಲ್ಲಿ 'ವಾರ್ಕೊ ಆತ್ತಿವೊ' ಎಂದು ಹೊಳೆಯುತ್ತಿದ್ದರೆ ದಾರಿ ತೆರೆದಿದೆ ಎಂದು ಅರ್ಥವಲ್ಲ, ಕಾವಲು ಜಾರಿಯಲ್ಲಿದೆ, ಅನುಮತಿ ಇಲ್ಲದವರು ಬರಬಾರದು ಎಂದರ್ಥ. ಹೊರದೇಶದಲ್ಲಿ ನೆಲೆಸಿರುವವರಿಗೆ ನೋಟಿಸ್ ಕಳಿಸಲು ಅಲ್ಲಿನ ಕಾನೂನು 360 ದಿನಗಳ ಅವಕಾಶ ಕೊಡುತ್ತದೆ. ಚಾಲಕರ ವಿವರ ಕೊಟ್ಟದ್ದಕ್ಕೆ ಬಾಡಿಗೆ ಕಂಪನಿಗಳು ಬೇರೆ ಶುಲ್ಕವನ್ನೂ ಹಾಕುತ್ತವೆ, ಅದು ದಂಡದಲ್ಲಿ ಸೇರಿಲ್ಲ.

ಸೆಲ್ಫ್ ಸರ್ವೀಸ್ ಬಂಕಿನಲ್ಲಿ ನಲವತ್ತು ಯೂರೋ ಪೆಟ್ರೋಲಿಗೆ ನೂರಕ್ಕೂ ಹೆಚ್ಚು ಯೂರೋ ಕಡಿತವಾದಂತೆ ಮೆಸೇಜ್ ಬಂದರೆ ಗಾಬರಿ ಬೇಡ. ಯಂತ್ರ ಮೊದಲು ಒಂದು ಗರಿಷ್ಠ ಮೊತ್ತವನ್ನು ತಡೆಹಿಡಿದು, ನಂತರ ನಿಜವಾದ ಮೊತ್ತವನ್ನಷ್ಟೇ ಪಡೆಯುತ್ತದೆ. ಉಳಿದದ್ದು ಮರಳಲು ಕೆಲವು ದಿನ ಹಿಡಿಯಬಹುದು. ಕಾರ್ಡ್ ಯಂತ್ರ "ರೂಪಾಯಿಯಲ್ಲಿ ಪಾವತಿಸುವಿರಾ?" ಎಂದು ಕೇಳಿದರೆ ಮಾತ್ರ ಬೇಡ ಎಂದು ಆಯಾ ದೇಶದ ಹಣವನ್ನೇ ಆರಿಸಿ. ಅದು ಕಾನೂನುಬದ್ಧವೇ ಆದರೂ ವಿನಿಮಯ ದರ ಸಾಮಾನ್ಯವಾಗಿ ದುಬಾರಿ.

ಇದಕ್ಕೆ ತದ್ವಿರುದ್ಧವಾಗಿ, ಅಸಲಿಯಂತೆ ಕಾಣುವ ನಕಲಿಗಳೂ ಇವೆ. ಸ್ವಿಟ್ಜರ್ಲೆಂಡಿನ ಹೆದ್ದಾರಿಗಳಿಗೆ ಬೇಕಾದ ವಿನ್ಯೆಟ್‌ನ ಬೆಲೆ ವರ್ಷಕ್ಕೆ 40 ಫ್ರಾಂಕ್. 2023ರ ಆಗಸ್ಟಿನಿಂದ ಅದನ್ನು ಸರ್ಕಾರದ ಜಾಲತಾಣದಲ್ಲೇ ಕೊಳ್ಳಬಹುದು. ಸರ್ಚ್ ಮಾಡಿದಾಗ ಜಾಹೀರಾತಾಗಿ ಮೇಲೆ ಬರುವ ಬೇರೆ ತಾಣಗಳು ಅದಕ್ಕೆ ಹೆಚ್ಚು ದುಡ್ಡು ಕೀಳಬಹುದು. ಪ್ಯಾರಿಸ್ಸಿನಿಂದ ನಾರ್ಮಂಡಿಗೆ ಹೋಗುವ ಎ13 ಮತ್ತು ಎ14 ಹೆದ್ದಾರಿಗಳಲ್ಲಿ 2024ರಲ್ಲಿ ಟೋಲ್ ಗೇಟುಗಳನ್ನು ತೆಗೆದು, 72 ಗಂಟೆಯೊಳಗೆ ಆನ್‌ಲೈನಿನಲ್ಲಿ ಕಟ್ಟುವ ವ್ಯವಸ್ಥೆ ತಂದರು. "ನಿಮ್ಮ ಟೋಲ್ ಬಾಕಿ ಇದೆ" ಎಂಬ ಸುಳ್ಳು ಮೆಸೇಜುಗಳಿಗೆ ಇಂಥ ವ್ಯವಸ್ಥೆ ಒಳ್ಳೆಯ ನೆಪ. ಬ್ರಿಟನ್ನಿನಲ್ಲಿ ಪಾರ್ಕಿಂಗ್ ಯಂತ್ರಗಳ ಮೇಲೆ ನಕಲಿ ಕ್ಯೂಆರ್ ಕೋಡ್ ಅಂಟಿಸಿದ ಪ್ರಕರಣಗಳೂ ನಡೆದಿವೆ. ಕೋಡ್ ಸ್ಕ್ಯಾನ್ ಮಾಡುವ, ಲಿಂಕ್ ಒತ್ತುವ ಬದಲು ಅಧಿಕೃತ ಆ್ಯಪ್ ಅಥವಾ ವಿಳಾಸವನ್ನು ನೀವೇ ಹುಡುಕಿ ತೆರೆಯುವುದು ಲೇಸು.

ಆದರೂ ಮೋಸ ಹೋದರೆ

ಮೊದಲು ಕಾರ್ಡ್‌ಗಳನ್ನು ಬ್ಲಾಕ್ ಮಾಡಿಸಿ. ನಂತರ ಸ್ಥಳೀಯ ಪೊಲೀಸರಲ್ಲಿ ದೂರು ಕೊಟ್ಟು ಅದರ ಪ್ರತಿ ಪಡೆಯಿರಿ, ವಿಮೆಗೂ ಪಾಸ್‌ಪೋರ್ಟಿಗೂ ಅದು ಬೇಕು. ಪಾಸ್‌ಪೋರ್ಟ್ ಹೋಗಿದ್ದರೆ ಭಾರತೀಯ ರಾಯಭಾರ ಕಚೇರಿ ಊರಿಗೆ ಮರಳಲು ಎಮರ್ಜೆನ್ಸಿ ಸರ್ಟಿಫಿಕೇಟ್ ಕೊಡುತ್ತದೆ. ಪಾಸ್‌ಪೋರ್ಟ್, ವೀಸಾ, ಲೈಸೆನ್ಸ್‌ಗಳ ಫೋಟೋಗಳನ್ನು ಮೊದಲೇ ಇಮೇಲಿನಲ್ಲಿ ಇಟ್ಟುಕೊಂಡಿದ್ದರೆ ಈ ಕೆಲಸ ಬೇಗ ಆಗುತ್ತದೆ. ಎಲ್ಲರ ಪಾಸ್‌ಪೋರ್ಟ್ ಒಂದೇ ಬ್ಯಾಗಿನಲ್ಲಿ ಇಡದಿರುವುದು ಇನ್ನೂ ಒಳ್ಳೆಯದು.

ನಾಚಿಕೆಯಿಂದ ಸುಮ್ಮನಿರಬೇಡಿ. ಅಪ್ಪನೋ ಅಮ್ಮನೋ ಬ್ಯಾಗ್ ಕಳೆದುಕೊಂಡರೆ "ಅಷ್ಟೂ ಗೊತ್ತಾಗಲಿಲ್ಲವೇ" ಎಂದು ಗದರುವ ಮುನ್ನ ಗೊರಿಲ್ಲಾವನ್ನು ನೆನೆಯಿರಿ. ಗದರಿಸಿಕೊಂಡವರು ಮುಂದಿನ ಸಲ ಮೋಸ ಹೋದಾಗ ಹೇಳುವುದೇ ಇಲ್ಲ, ಅಷ್ಟರಲ್ಲಿ ಕಾರ್ಡಿನಿಂದ ಇನ್ನಷ್ಟು ಹಣ ಹೋಗಿರುತ್ತದೆ.

ಈ ಎಲ್ಲ ನಾಟಕಗಳಿಗೂ ಬೇಕಾದದ್ದು ಎರಡೇ: ಅವರು ಆರಿಸಿದ ಜಾಗದಲ್ಲಿ ನೀವು ನಿಲ್ಲಬೇಕು, ಅವರು ಹೇಳಿದ ಹೊತ್ತಿನಲ್ಲಿ ನೀವು ತೀರ್ಮಾನಿಸಬೇಕು. ಎಲ್ಲ ತಂತ್ರಗಳ ಪಟ್ಟಿಯನ್ನೂ ಬಾಯಿಪಾಠ ಮಾಡಬೇಕಿಲ್ಲ. ಬಾಗಿಲು ಲಾಕ್ ಮಾಡಿಕೊಂಡು, ಬೆಳಕಿರುವ ಕಡೆಗೆ ಹೋಗಿ, ಒಂದು ಫೋನ್ ಕರೆ ಮಾಡುವಷ್ಟು ಸಮಯ ತೆಗೆದುಕೊಂಡರೆ ಇವುಗಳಲ್ಲಿ ಹೆಚ್ಚಿನವು ಅಲ್ಲಿಗೇ ಮುಗಿಯುತ್ತವೆ.